ವೇಷದ ಕೂಟಕ್ಕ ವಾದ್ಯದವ್ರನ್ನ ಕರಸ್ತೀವಿ, ಯಾರೂ ಕಿವಿಗೊಟ್ಟು ಕೇಳಂಗಿಲ್ಲ. ಏನ್ ಮಾಡೂದ್ರಿ? (ಪುಣೆ)

ಗುಮ್ಮಟದೂರಾಂವ, ಚಿಂಚವಡ

ನಮಸ್ಕಾರ್ರೀ ಎಲ್ಲಾರ್ಗೂ. ನಾ ಮೂಲ ವಿಜಾಪುರದಾಂವ, ನೌಕರಿ ಸಲುವಾಗಿ ಚಿಂಚವಡದಾಗ ಇರ್ತೀನಿ. ಇಲ್ಲೆ ನಮ್ದೊಂದು ಸಣ್ಣ ಗುಂಪ ಐತ್ರಿ, ಕನ್ನಡದವ್ರು ಮರಾಠಿಯವ್ರು ಕೂಡೇ ಅದೀವಿ. ಚಳಿಗಾಲದಾಗ ಮುಳಶಿ ಕಡೆ ಒಂದು ತ್ವಾಟದ ಮನಿಯೊಳಗ ಶನಿವಾರ ಐತವಾರ ಸೇರೂದು, ಆದಿಲ್‌ಶಾಹಿ, ವಿಜಯನಗರ, ಶಿವಾಜಿ ಮಹಾರಾಜರ ಕಾಲದ ಅರಿವಿ ಹಾಕ್ಕೊಳ್ಳೂದು, ದರಬಾರ ನಡಸೂದು, ದಾಂಡಪಟ್ಟಾ, ಕತ್ತಿವರಸಿ, ಆಮ್ಯಾಲ ಆ ಕಾಲದ ಅಡಿಗಿ (ಮೆಣಸಿನಕಾಯಿ ಹಾಕಬೇಕೋ ಬ್ಯಾಡೋ ಅಂತ ಪ್ರತಿ ಸಲಾನೂ ಜಗಳ ಆಗ್ತೈತಿ, ಅದು ಬ್ಯಾರೆ ವಿಷಯ).

ಮೊದಲೆಲ್ಲ ಸಂಗೀತ ಅಂದ್ರ ಬ್ಲೂಟೂತ್ ಸ್ಪೀಕರೇ. ಹೋದ ಸಲ ನಾವೊಂದಿಷ್ಟು ಮಂದಿ ಹಠ ಹಿಡದು ಖರೇ ವಾದ್ಯದವ್ರನ್ನ ಕರಿಸಿದ್ವಿ. ಸನಾದಿ (ಶಹನಾಯಿ) ಊದೂ ಮನಿತನದವ್ರು, ಜೋಡಿ ಸಂಬಾಳದಾಂವ (ಬಾರಸೂ ಜೋಡಿ ಚರ್ಮವಾದ್ಯ), ಒಬ್ರು ತುತಾರಿಯವ್ರು (ಬಾಗಿದ ಉದ್ದ ಕೊಂಬು). ಇದರ ಜೊತಿಗೆ ನಮ್ಮ ಗುಂಪಿನ್ಯಾಗ ಒಬ್ಬಾಕಿ ಹುಡುಗಿ ರೆಕಾರ್ಡರ್ ಅಂತ ಯುರೋಪಿನ ಕಟಗಿ ಕೊಳಲು ಕಲೀಲಿಕತ್ತಾಳ, ಗೋವಾದ ಪೋರ್ಚುಗೀಜ ವ್ಯಾಪಾರಿ ವೇಷ ಅಕಿದು, ಅಕೀಗೂ ನುಡಸಂತ ಹೇಳಿದ್ವಿ.

ಆಗಿದ್ದೇನಂದ್ರ, ತುತಾರಿ ಊದಿದ ಕೂಡ್ಲೇ ಎಲ್ಲಾರೂ ಮೊಬೈಲ್ ಎತ್ತಿದ್ರು, ರೀಲ್ಸ್ ಆತು, ಮುಗೀತು. ಮುಂದ ಸನಾದಿ ನಡದಾಗನ ಮೈಕಿನಾಂವ "ಊಟದ ಕೂಪನ್ ಯಾರ್ ತಗೊಂಡಿಲ್ಲ" ಅಂತ ಶುರು ಮಾಡ್ದ, ಒಂದು ಕಡೆ ಕತ್ತಿ ಹಿಡದು ಫೋಟೋ, ಇನ್ನೊಂದು ಕಡೆ ಯಾರೋ ಪುಣ್ಯಾತ್ಮ ಅದೇ ಸ್ಪೀಕರಿಗೆ ತನ್ನ ಫೋನ್ ಜೋಡಿಸಿ ಸಿನಿಮಾ ಮ್ಯೂಸಿಕ್ ಬಿಟ್ಟ. ರೆಕಾರ್ಡರ್ ಹುಡುಗಿ ಅರ್ಧಕ್ಕ ನಿಲ್ಲಿಸಿ ಹೋಗಿಬಿಟ್ಲು. ಸನಾದಿ ಹಿರಿಯರು ಒಂದ್ ಮಾತ್ ಆಡ್ಲಿಲ್ಲ, ಪತ್ತಿ (ಸನಾದಿಯ ಊದೂ ನಾಲಿಗಿ) ಬಿಚ್ಚಿ ಅರಿವಿಯೊಳಗ ಸುತ್ತಿ ಡಬ್ಬಿಗೆ ಹಾಕಿ, ಟೆಂಪೋ ಬಾಜೂಕ ಹೋಗಿ ಚಾ ಕುಡ್ಕೋತ ಕುಂತ್ರು. ಬೈದಿದ್ರರ ಬೇಸಿತ್ತು.

ಈ ಸಲ ಮತ್ತ ಕರೀಬೇಕಂತ ಮಾಡೀವಿ. ಮಂದಿ ಕೇಳೂಹಂಗ ಮಾಡೂದು ಹ್ಯಾಂಗ? ಶಾಲು, ಫೇಟಾ, ತೆಂಗಿನಕಾಯಿ ಕೊಟ್ಟು ಫೋಟೋ ತಗೊಂಡ್ರ ಆತಾ, ಇನ್ನೇನರ ಮಾಡ್ಬೇಕಾ? ಮತ್ತ ಹೊಸದಾಗಿ ಕಲಿಯೋರನ್ನ ಹೆದರಿಸದಂಗ ಮುಂದ ತರೂದು ಹ್ಯಾಂಗ? ಅನುಭವ ಇದ್ದೋರು ಹೇಳ್ರಿ.

ಮೈಸೂರು ಟು ಬಾನೇರ್

ನಿಮ್ಮ ಪೋಸ್ಟ್ ಓದಿ ಆ ರೆಕಾರ್ಡರ್ ಹುಡುಗಿ ಬಗ್ಗೆ ಪಾಪ ಅನ್ನಿಸ್ತು. ನಾನು ಅಮೆರಿಕದಲ್ಲಿದ್ದಾಗ ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಂ ಅಂತ, ಹಳೇ ಕಾಲದ ಯುರೋಪಿನ ವೇಷ ಹಾಕೋ ಒಂದು ಸಂಸ್ಥೆಯ ಕೂಟಗಳಿಗೆ ಹೋಗ್ತಿದ್ದೆ, ಎಸ್‌ಸಿಎ ಅಂತಾರೆ, 1966ರಲ್ಲಿ ಬರ್ಕ್ಲಿಯಲ್ಲಿ ಒಬ್ಬರ ಮನೆ ಹಿತ್ತಲಲ್ಲಿ ಪಾರ್ಟಿ ಥರ ಶುರುವಾಗಿದ್ದು, ಈಗ ಪೆನ್ಸಿಲ್ವೇನಿಯಾದಲ್ಲಿ ಬೇಸಿಗೆಗೆ ನಡೆಯೋ ಪೆನ್ಸಿಕ್ ಅನ್ನೋ ದೊಡ್ಡ ಕ್ಯಾಂಪಿಗೆ ಹತ್ತು ಸಾವಿರದಷ್ಟು ಜನ ಟೆಂಟ್ ಹಾಕ್ಕೊಂಡು ಇರ್ತಾರೆ. ಅಲ್ಲೂ ಇದೇ ಗೋಳು ಇತ್ತು ಕಣ್ರಿ, ಕತ್ತಿ ಹಿಡಿದೋನ ಸುತ್ತ ಜನ, ಲ್ಯೂಟ್ (ಒಂದು ತಂತಿ ವಾದ್ಯ) ಹಿಡಿದೋನು ಮೂಲೇಲಿ. ಆದ್ರೆ ಕೆಲವು ರೂಢಿ ಮಾಡ್ಕೊಂಡಿದ್ದಾರೆ, ಅದು ಕೆಲಸ ಮಾಡುತ್ತೆ.

ಒಂದು ಡ್ಯಾನ್ಸ್. ಅಲ್ಲಿ ಆ ಕಾಲದ ಕುಣಿತ ಕಲಿಸ್ತಾರೆ, ಫ್ರಾನ್ಸಿನ ಆರ್ಬೋ ಅನ್ನೋ ಪಾದ್ರಿ 1589ರಲ್ಲಿ ಒಂದು ಪುಸ್ತಕದಲ್ಲಿ ಸ್ವರದ ಪಕ್ಕದಲ್ಲೇ ಹೆಜ್ಜೆ ಬರೆದಿಟ್ಟಿದ್ದಾನೆ, ಬ್ರಾಲ್ ಅಂತ ವೃತ್ತದಲ್ಲಿ ಕೈಕೈ ಹಿಡಿದು ಕುಣಿಯೋದು, ತುಂಬ ಸುಲಭ, ನನ್ನಂಥ ಎರಡೂ ಕಾಲು ಎಡಗಾಲಾಗಿರೋರಿಗೂ ಬರುತ್ತೆ. ರೆಕಾರ್ಡಿಂಗ್ ಹಾಕಿ ಕಲಿತವರಿಗೆ ಖುದ್ದು ನುಡಿಸೋರು ಬಂದ ತಕ್ಷಣ ಕಿರಿಕಿರಿ ಶುರು, "ಸ್ಲೋ ಆಯ್ತು", "ಇದು ಹೀಗಿರಲಿಲ್ಲ". ಅದಕ್ಕೆ ಕುಣಿತ ಹೇಳಿಕೊಡೋರು ಮೊದಲೇ ಹೋಗಿ ನುಡಿಸೋರ ಹತ್ರ ಮಾತಾಡ್ತಾರೆ, ಎಷ್ಟು ಸುತ್ತು, ಎಷ್ಟು ಕಾಲ, ಯಾವಾಗ ಮುಗಿಸಬೇಕು ಅಂತ, ಆಮೇಲೆ ಕುಣಿಯೋರಿಗೂ ಹೇಳ್ತಾರೆ, ಇವತ್ತು ಕಾಲ ಅವರದು, ಹೆಜ್ಜೆ ನಿಮ್ಮದು, ನೀವು ಹೊಂದಿಕೊಳ್ಳಿ ಅಂತ. ಪ್ರತಿ ಕುಣಿತ ಮುಗಿದ ಮೇಲೆ ಜೊತೆಗಾರರಿಗೆ ಬಾಗಿ ನಮಸ್ಕಾರ ಮಾಡಿ, ಆಮೇಲೆ ನುಡಿಸೋರ ಕಡೆ ತಿರುಗಿ ಅವರಿಗೂ ಬಾಗ್ತಾರೆ. ಪ್ರತಿ ಸಲ, ಕೊನೇಲಿ ಒಂದು ಸಲ ಅಲ್ಲ. ಮೊದಮೊದಲು ನಾಟಕ ಅನ್ನಿಸ್ತಿತ್ತು, ಆದ್ರೆ ನುಡಿಸೋರ ಮುಖ ನೋಡಿದ್ರೆ ಗೊತ್ತಾಗುತ್ತೆ.

ಹೊಸಬರ ಪ್ರಶ್ನೆಗೆ: ರಾತ್ರಿ ಬೆಂಕಿ ಸುತ್ತ ಕೂತು ಬಾರ್ಡಿಕ್ ಸರ್ಕಲ್ ಅಂತ ಮಾಡ್ತಾರೆ. ಸರದಿ ಪ್ರಕಾರ ಬರುತ್ತೆ, ನಿಮ್ಮ ಸರದಿಗೆ ನೀವೇ ಹಾಡಬಹುದು ನುಡಿಸಬಹುದು ಕಥೆ ಹೇಳಬಹುದು, ಇಲ್ಲ ಬೇರೆ ಯಾರನ್ನಾದ್ರೂ ಹಾಡಿ ಅಂತ ಕೇಳಬಹುದು, ಇಲ್ಲ ಬೇಡ ಅಂತ ಮುಂದಿನವರಿಗೆ ಬಿಡಬಹುದು. ಬಿಟ್ರೆ ಯಾರೂ ಏನೂ ಅನ್ನಲ್ಲ. ವೇದಿಕೆ ಇಲ್ಲ ಮೈಕ್ ಇಲ್ಲ, ಹತ್ತು ಹದಿನೈದು ಜನ ಅಷ್ಟೆ. ಚೆನ್ನಾಗಿ ಬಂದ್ರೆ ಯಾರಾದ್ರೂ ಕೈಯಿಂದ ಒಂದು ಉಂಗುರಾನೋ ಮಣಿಯೋ ತೆಗೆದು ಕೊಡ್ತಾರೆ, ಬೆಲೆ ಏನಿರಲ್ಲ, ಆದ್ರೆ ವರ್ಷಗಟ್ಟಲೆ ಸೊಂಟಕ್ಕೆ ಕಟ್ಕೊಂಡು ತಿರುಗೋರನ್ನ ನೋಡಿದ್ದೀನಿ. ಕಲೆ ಮತ್ತು ವಿದ್ಯೆಗೆ ಲಾರೆಲ್ ಅಂತ ಒಂದು ಪದವಿ ಇದೆ, ಕಾದಾಡೋ ನೈಟ್‌ಗೆ ಸಮನಾದ ಗೌರವ. ನಿಮ್ಮ ದರ್ಬಾರಲ್ಲಿ ಬಿರುದು ಬರೀ ಕತ್ತಿಯೋರಿಗೇನಾ ಅಂತ ಒಂದ್ಸಲ ನೋಡಿ.

ಇನ್ನೊಂದು, ಯುರೋಪಲ್ಲಿ ಆ ಕಾಲದಲ್ಲೇ ಜೋರು ವಾದ್ಯ ಮೆತ್ತಗಿನ ವಾದ್ಯ ಅಂತ ಬೇರೆ ಬೇರೆ ಇಡ್ತಿದ್ರು. ಶಾಮ್ (ನಿಮ್ಮ ಸನಾದಿ ಥರದ್ದೇ, ಎರಡು ಪತ್ತಿದು) ತುತ್ತೂರಿ ನಗಾರಿ ಎಲ್ಲ ಬಯಲಿಗೆ, ಲ್ಯೂಟ್ ರೆಕಾರ್ಡರ್ ಎಲ್ಲ ಕೋಣೆ ಒಳಗೆ. ನೀವು ಸಂಬಾಳದ ಎದುರಿಗೆ ಬಯಲಲ್ಲಿ ರೆಕಾರ್ಡರ್ ನಿಲ್ಲಿಸಿದ್ರೆ ಅವಳು ಓಡಿಹೋಗದೆ ಏನ್ ಮಾಡ್ತಾಳೆ.

ಡೊಂಬಿವಲಿ ಮಾರಾಯ

ನಾವು ಕುಂದಾಪುರದ ಕಡೆಯವರು, ನಮಗೆ ಯಕ್ಷಗಾನ ಬಿಟ್ರೆ ಬೇರೆ ಇತಿಹಾಸ ಗೊತ್ತಿಲ್ಲ ಮಾರಾಯ್ರೆ, ಆದ್ರೂ ಹೇಳ್ತೇನೆ. ಮುಂಬೈಯಲ್ಲಿ ಮೇಳದ ಆಟ ಆಗುವಾಗ ಹಿಮ್ಮೇಳದವರ ಮೇಲೆ ಯಾರಾದ್ರೂ ಮೈಕಿನಲ್ಲಿ ಕೂಪನ್ ಸುದ್ದಿ ಹೇಳ್ತಾರಾ? ಹೇಳಿದ್ರೆ ಅವ ಮನೆಗೆ ನಡೆದುಕೊಂಡು ಹೋಗ್ಬೇಕು. ಯಾಕೆ ಹೇಳಿ, ಭಾಗವತರು ಪದ ಎತ್ತದೆ ವೇಷ ರಂಗಕ್ಕೆ ಬರುವ ಹಾಗೇ ಇಲ್ಲ, ಚೆಂಡೆ ಬೀಳದೆ ಕಾಲು ಏಳುವ ಹಾಗಿಲ್ಲ. ಭಾಗವತರನ್ನು ಒಂದನೇ ವೇಷ ಅಂತ ಕರೆಯುವುದು ಸುಮ್ಮನೆ ಅಲ್ಲ, ಇಡೀ ಆಟ ಅವರ ಜಾಗಟೆಯಲ್ಲಿ ಉಂಟು.

ನಿಮ್ಮಲ್ಲಿ ಏನಾಗಿದೆ ಅಂದ್ರೆ ಸನಾದಿ ಇದ್ರೂ ದರ್ಬಾರ್ ನಡೀತದೆ, ಇಲ್ಲದಿದ್ರೂ ನಡೀತದೆ. ಮತ್ತೆ ಯಾರು ಕೇಳ್ತಾರೆ? ತುತಾರಿ ಊದದೆ ನಿಮ್ಮ ಸುಲ್ತಾನ ಟೆಂಟಿನಿಂದ ಹೊರಗೆ ಕಾಲಿಡಬಾರ್ದು ಅಂತ ಮಾಡಿ ನೋಡಿ. ಅವನಿಗೆ ಬಾತ್ರೂಮಿಗೆ ಹೋಗ್ಲಿಕ್ಕಿದ್ರೂ ತುತಾರಿಯವರನ್ನು ಹುಡುಕ್ಬೇಕು, ಆವಾಗ ಬೆಲೆ ಗೊತ್ತಾಗ್ತದೆ.

ಕೊತ್ರೂಡ್ ಅಕ್ಕ

ಡೊಂಬಿವಲಿಯವರು ನಗಸಲಿಕ್ಕೆ ಹೇಳ್ಯಾರ, ಆದ್ರ ಅವರ ಮಾತು ಇತಿಹಾಸದ ಪ್ರಕಾರನೂ ಖರೇನ ಅದ ನೋಡ್ರಿ. ಆಗ ಇಂಥಾ ವಾದ್ಯ ಬರೇ ಮನರಂಜನಿಗೆ ಅಂತ ಇರಲೇ ಇಲ್ಲ. ಶಿವಾಜಿ ಮಹಾರಾಜರ ರಾಯಗಡಕ್ಕ ಹೋದವರಿಗೆ ಗೊತ್ತದ, ಸಿಂಹಾಸನದ ಜಾಗಾಕ್ಕ ನೆಟ್ಟಗ ಎದುರಿಗೆ ನಗಾರಖಾನಿ (ನಗಾರಿ ಬಾರಸೂ ಜಾಗಾ) ಬಾಗಲಾ. ಇಲ್ಲೇ ನಮ್ಮ ಶನಿವಾರವಾಡಾದಾಗ ದಿಲ್ಲಿ ದರವಾಜಾದ ಮ್ಯಾಲಿನ ಮಜಲಿನೊಳಗ ನಗಾರಖಾನಿ ಅದ. ನಿಮ್ಮ ವಿಜಾಪುರದಾಗ ಗೋಳಗುಮ್ಮಟದ ಮುಂದಿನ ನಗಾರಖಾನಿಯೊಳಗನ ಈಗ ಮ್ಯೂಜಿಯಮ್ ಅದ, ಎಷ್ಟ ಮಂದಿ ಅದರೊಳಗ ಹೋಗಿ ಬಂದಿರ್ತಾರ, ಇದು ವಾದ್ಯದವರ ಜಾಗಾ ಅನ್ನೂದು ಯಾರಿಗೂ ನೆನಪ ಇರೂದಿಲ್ಲ. ಹೊತ್ತು ತಿಳಸೂದು, ಅರಸ ಬಂದಾ ಅಂತ ಸಾರೂದು, ಹಬ್ಬಾ, ಗೆಲುವು, ಎಲ್ಲಾ ಅಲ್ಲಿಂದನ ಊರಿಗೆ ಗೊತ್ತಾಗ್ತಿತ್ತು. ಅಕಬರ ತಾನ ಸ್ವತಃ ನಗಾರಿ ಭಾಳ ಛಲೋ ಬಾರಸ್ತಿದ್ದಾ ಅಂತ ಅವನ ಆಸ್ಥಾನದ ಅಬುಲ್ ಫಜಲ್ ಬರದಾನ.

ಮತ್ತ ವಿಜಾಪುರದ ವೇಷ ಹಾಕ್ಕೊಂಡು ಸಂಗೀತಕ್ಕ ಕಿವಿ ಕೊಡೂದಿಲ್ಲ ಅಂದ್ರ ಹ್ಯಾಂಗ್ರೀ? ಎರಡನೇ ಇಬ್ರಾಹಿಂ ಆದಿಲ್‌ಶಾಹ, 1580ರಿಂದ 1627ರ ತನಕ ಆಳಿದಾಂವ, ತಾನ ಪದಾ ಕಟ್ಟಿ ಕಿತಾಬ್-ಎ-ನವರಸ್ ಮಾಡಿದಾಂವ, ತನ್ನ ತಂಬೂರಿಗೆ ಮೋತಿಖಾನ ಅಂತ ಹೆಸರಿಟ್ಟಿದ್ದಾ. ನಿಮ್ಮ ಗುಂಪಿನ ಸುಲ್ತಾನ ಆ ಪಾತ್ರನ ಮಾಡ್ತಿದ್ರ ಅಂವಾ ಮೊದಲ ಮೊಬೈಲ್ ಒಳಗಿಟ್ಟು, ಎಲ್ಲಾರ ಎದುರಿಗೆ ಸುಮ್ಮನ ಕೂತು ಕೇಳಬೇಕು. ದರಬಾರದಾಗ ಗಾದಿ ಮ್ಯಾಲಿನವನು ಯಾವ ಕಡೆ ನೋಡ್ತಾನೋ ಉಳದವರೂ ಆ ಕಡೆನ ನೋಡ್ತಾರ.

ನಾ ಆಗಿದ್ರ ದಿನಾನ ವಾದ್ಯದ ಮ್ಯಾಲೆ ಕಟ್ಟತಿದ್ದೆ. ಮುಂಜಾನೆ ಎಬ್ಬಸಲಿಕ್ಕೆ ಸನಾದಿ, ಬಾಗಲಾ ತಗೀಲಿಕ್ಕೆ ತುತಾರಿ, ಕಾಳಗಕ್ಕ ಕರೀಲಿಕ್ಕೆ ಸಂಬಾಳ, ಊಟಕ್ಕ ಕರೀಲಿಕ್ಕೆ ಒಂದು ಬ್ಯಾರೆ ಗತ್ (ಧಾಟಿ). ಊಟದ ಗತ್ ಯಾವುದು ಅಂತ ಮಂದಿ ಒಂದ ದಿನದಾಗ ಕಲೀತಾರ, ಗ್ಯಾರಂಟಿ.

ವಾಕಡ್ ಬಾಯ್

ಎಲ್ಲ ಸರಿ, ಆದ್ರೆ ಇಷ್ಟೆಲ್ಲ ಖರ್ಚು ಯಾಕೆ ಗುರು? ಒಳ್ಳೆ ಸ್ಪೀಕರ್, ಒಳ್ಳೆ ಪ್ಲೇಲಿಸ್ಟ್, ಹುಲ್ಲಿನ ಮೂಟೆ ಹಿಂದೆ ಮುಚ್ಚಿಟ್ರೆ ಯಾರಿಗೂ ಗೊತ್ತಾಗಲ್ಲ. ಕರೆಸಲೇಬೇಕು ಅಂದ್ರೆ ವಿಡಿಯೋ ಹಾಕಿ ಟ್ಯಾಗ್ ಮಾಡಿ, ಅವರಿಗೂ ಪಬ್ಲಿಸಿಟಿ ಸಿಗುತ್ತೆ, ಬರೀ ಪೆಟ್ರೋಲ್ ಕಾಸಿಗೆ ಬರ್ತಾರೆ.

ಅಕ್ಕಲಕೋಟ ರೋಡ್

ವಾಕಡದ ತಮ್ಮಾ, ಒಂದು ಮಾತ ಹೇಳ್ತೀನಿ ಸಿಟ್ಟಾಗಬ್ಯಾಡ. ನಮ್ಮಪ್ಪ ಸನಾದಿ ಊದ್ತಿದ್ದ, ನಮ್ಮ ಕಾಕಾ ಈಗೂ ಊದ್ತಾನ, ನಾ ಭೋಸರಿಯೊಳಗ ಕಂಪನಿ ಕೆಲಸಕ್ಕದೀನಿ, ಐತವಾರ ಕಾಕಾನ ಜೋಡಿ ಸುರ್ ಹಿಡೀಲಾಕ ಹೋಗ್ತೀನಿ. ಪಬ್ಲಿಸಿಟಿ ತಗೊಂಡು ಕಿರಾಣಿ ಅಂಗಡ್ಯಾಗ ಕೊಟ್ರ ಎಣ್ಣಿ ಕೊಡೂದಿಲ್ಲ. ನಿಮ್ಮ ರೀಲ್ಸಿಗೆ ಲಕ್ಷ ಮಂದಿ ನೋಡಿದ್ರೂ ಅದರಾಗ ಸನಾದಿಯವ್ರ ಹೆಸರಾ ಊರಾ ಇಲ್ಲಂದ್ರ ಮುಂದಿನ ಲಗ್ನಕ್ಕ ಯಾರಿಗೆ ಫೋನ್ ಮಾಡ್ತಾರ? ಟ್ಯಾಗ್ ಮಾಡಾಕ ನಮ್ಮ ಕಾಕಾಗ ಇನ್‌ಸ್ಟಾನ ಇಲ್ಲ. ಹೆಸರಾ ಫೋನ್ ನಂಬರಾ ಅವ್ರನ್ನ ಕೇಳಿ, ಹಾಕ್ರಿ ಅಂದ್ರ ವಿಡಿಯೋದ ಮ್ಯಾಲ ಕನ್ನಡದಾಗ ಮರಾಠಿಯಾಗ ಬರೀರಿ, ಅಷ್ಟ ಸಾಕು.

ಮೊದಲ ಪೋಸ್ಟಿನ ಅಣ್ಣಾವ್ರಿಗೆ: ಶಾಲು ಫೇಟಾ ಬ್ಯಾಡ ಅನ್ನಂಗಿಲ್ಲ. ನಮ್ಮ ಮನ್ಯಾಗ ಟ್ರಂಕ್ ತುಂಬ ಶಾಲ ಅದಾವ. ಬಿಟ್ಟಬಂದ ಲಗ್ನದ ಸುಪಾರಿ (ಬುಕಿಂಗ್), ಟೆಂಪೋ ಬಾಡಿಗಿ, ಎರಡ ದಿನದ ಕೂಲಿ, ಇವು ಮೊದಲ. ದರ ನೀವು ಹೇಳಬ್ಯಾಡ್ರಿ, ಅವ್ರನ್ನ ಕೇಳ್ರಿ, ಹೊಂದಿದ್ರ ಹೂಂ ಅನ್ರಿ ಇಲ್ಲಂದ್ರ ಇಲ್ಲ ಅನ್ರಿ, ಅರ್ಧ ಮುಂಗಡ ಕೊಡ್ರಿ, ಉಳದದ್ದು ಟೆಂಪೋ ಹತ್ತೂಕಿಂತ ಮೊದಲ ಕೈಯಾಗಿಡ್ರಿ. "ನಾಳಿ ಜೀಪೇ ಮಾಡ್ತೀನಿ ಕಾಕಾ" ಅನ್ನೂದು ನಾವು ಭಾಳ ಕೇಳೀವಿ.

ಒಬ್ರನ್ನ ಕರದು ಸನಾದಿ ಆತು ಅನ್ನೂ ಮಂದೀನೂ ಅದಾರ. ಒಬ್ಬ ನುಡಸಾಕ, ಇನ್ನೊಬ್ಬ ಒಂದ ಸ್ವರ ಬಿಡದಂಗ ಸುರ್ ಹಿಡಿಯಾಕ, ಜೋಡಿ ಬಾರಸಾಂವ, ಇಷ್ಟು ಇಲ್ಲಂದ್ರ ಅದು ಸನಾದಿ ಅನಸೂದಿಲ್ಲ. ಸುರ್ ಹಿಡಿಯಾಂವ ಏನೂ ಮಾಡೂದಿಲ್ಲ ಅಂತ ನೋಡೋರಿಗೆ ಕಾಣ್ತದ, ಗಲ್ಲ ಉಬ್ಬಿಸಿ ಮೂಗಿಲೇ ಉಸರ ಎಳಕೋತ ಬಾಯಿಲೇ ಬಿಡ್ಕೋತ ಹತ್ತು ನಿಮಿಷ ಒಂದ ಸ್ವರ ನಿಲ್ಲಿಸಿ ನೋಡ್ರಿ, ದವಡಿ ಹಿಡೀತದ. ಅವ್ನ ರೊಕ್ಕ ಕಡಿಮಿ ಮಾಡಬ್ಯಾಡ್ರಿ.

ಊಟದ್ದು ಹೇಳಲೇಬೇಕು. ಊದೋರು ಹೊಟ್ಟಿ ಬಿರಿ ಉಂಡು ಊದಾಕ ಆಗೂದಿಲ್ಲ, ಅದಕ್ಕ ಎಲ್ಲಾರೂ ಉಣ್ಣೂವಾಗ ನಾವು ಊದ್ತಿರ್ತೀವಿ, ನಾವು ಮುಗಿಸಿ ಬರೂದ್ರಾಗ ಪಾತೇಲಿ ಖಾಲಿ. ನಾಕೈದು ತಾಟು ಮೊದಲ ತಗದ ಮುಚ್ಚಿಡ್ರಿ. ಊದೂಕಿಂತ ಮೊದಲ ಪತ್ತಿ ಬಾಯಾಗ ಇಟ್ಟು ನೆನಸಬೇಕು, ಹಲಗಿ ಇದ್ರ ಚರ್ಮಾ ಬೆಂಕಿಗೆ ಹಿಡದು ಕಾಸಬೇಕು, ಮುಳಶಿ ಕಡೆ ಚಳಿಗಾಲದಾಗ ಇಬ್ಬನಿ ಬೀಳ್ತದ, ಚರ್ಮಾ ಸಡಲ ಆದ್ರ ಹಲಗಿ ಬಪ್ ಬಪ್ ಅಂತದ ಹೊರತು ಖಣ್ ಅನ್ನೂದಿಲ್ಲ. ಒಂದು ಸಣ್ಣ ಬೆಂಕಿ, ಕೂಡಾಕ ನೆರಳು, ಕುಡ್ಯಾಕ ನೀರು, ತಯಾರಿಗೆ ಹೊತ್ತು, ಇದನ್ನ ಯಾರೂ ಕೇಳೂದ ಇಲ್ಲ. "ಸುರು ಮಾಡ್ರಿ ಸುರು ಮಾಡ್ರಿ" ಅಂತ ಬಂದು ನಿಲ್ತಾರ.

ಇನ್ನ ಕೇಳೂದು. ಎಲ್ಲಾರೂ ಕೇಳಬೇಕು ಅಂತ ನಮಗ ಆಸೆ ಇಲ್ರಿ. ಎದುರಿಗೆ ಇಬ್ರು ಕೂತು, ಸಮಕ್ಕ (ತಾಳದ ಮೊದಲ ಪೆಟ್ಟಿಗೆ) ಬಂದಾಗ ತಲಿ ಹಾಕಿದ್ರ ಕಾಕಾಗ ಅರ್ಧ ತಾಸು ಜಾಸ್ತಿ ಊದೂ ಹುಮ್ಮಸ ಬರ್ತದ. ಶಹಬ್ಬಾಸ್ ಅನ್ರಿ, ಭಲೇ ಅನ್ರಿ, ನಡುವ ಅಂದ್ರೂ ನಡೀತದ, ನಮ್ಮ ಕಡೆ ಅದು ತಪ್ಪಲ್ಲ. ತಲಿ ಮ್ಯಾಲ ನೋಟ ತೂರೂದು ಮಾತ್ರ ಬ್ಯಾಡ, ಬಗ್ಗಿ ಆರಿಸ್ಕೋಬೇಕಾಗ್ತದ.

ಗುಮ್ಮಟದೂರಾಂವ, ಚಿಂಚವಡ

ಅಣ್ಣಾ, ಇದನ್ನೆಲ್ಲಾ ಗುಂಪಿನ ವಾಟ್ಸಾಪಿಗೆ ಹಾಕ್ತೀನಿ. ಒಂದು ವಿಚಾರ ಬಂದೈತಿ, ದರಬಾರದಾಗ ಚೋಪದಾರ ವಾದ್ಯದವ್ರ ಹೆಸರು, ಊರು, ಗುರುವಿನ ಹೆಸರು ಕೂಗಿ ಹೇಳೂದು, ಸುಲ್ತಾನ ರೇಷ್ಮಿ ಥೈಲಿಯೊಳಗ ರೊಕ್ಕ ಹಾಕಿ ಗಾದಿಯಿಂದ ಇಳದು ಬಂದು ಕೈಯಾಗ ಕೊಡೂದು. ಅದ ಅವ್ರ ಬಿದಾಗಿ (ಕೂಲಿ) ಅಂತ ಲೆಕ್ಕ ಹಿಡದ್ರ ನಡೀತೈತಲ್ಲ?

ಅಕ್ಕಲಕೋಟ ರೋಡ್

ಹೆಸರು ಕೂಗೂದು ಭಾರೀ ಆತು. ಖರೆ ಲೆಕ್ಕ ಬ್ಯಾರೆ ಇಡ್ರಿ. ಕೂಲಿ ಕೂಲೀನ, ಆಯೇರ ಆಯೇರನ. ಥೈಲಿಯೊಳಗ ಐವತ್ತೊಂದು ಹಾಕ್ರಿ, ನೂರಾ ಒಂದು ಹಾಕ್ರಿ, ಅದು ನಿಮ್ಮ ಖುಷಿ, ನಾವೂ ಕಣ್ಣಿಗೆ ಒತ್ಕೊಂಡು ತಗೋತೀವಿ. ಕೂಲಿನ ಥೈಲಿಯಾಗ ಹಾಕಿ ಎಲ್ಲಾರ ಮುಂದ ಕೊಟ್ರ, ಕಡಿಮಿ ಇದ್ರ ಅಲ್ಲೆ ಕೇಳಾಕೂ ಆಗೂದಿಲ್ಲ ನಮಗ.

ಕೊತ್ರೂಡ್ ಅಕ್ಕ

ಇದಕ್ಕ ನನ್ನ ವೋಟು. ಮತ್ತ ಬಿರುದು ಕೊಡೂದಿದ್ರ ಸುರ್ ಹಿಡಿಯೋರಿಗೂ ಒಂದು ಕೊಡ್ರಿ, ಜೋಡಿ ಬಾರಸೋರಿಗೂ ಕೊಡ್ರಿ. ತುತಾರಿಯವರದಷ್ಟ ಫೋಟೋ ಛಲೋ ಬರ್ತದ ಅಂತ ಅವರೊಬ್ಬರನ್ನ ಮುಂದ ಮಾಡಬ್ಯಾಡ್ರಿ.

ಮೈಸೂರು ಟು ಬಾನೇರ್

ರೆಕಾರ್ಡರ್ ಹುಡುಗಿಗೆ ಹೇಳಿ, ಹಗಲು ಬಯಲಲ್ಲಿ ಬೇಡ, ರಾತ್ರಿ ಊಟ ಆದ್ಮೇಲೆ ಒಳಗೆ ಹಾಲ್‌ನಲ್ಲಿ ಆಗ್ಲಿ. ಸನಾದಿ ಜೊತೆ ಸೇರಿಸಿ ನುಡಿಸೋ ಫ್ಯೂಷನ್ ಐಡಿಯಾ ಯಾರಾದ್ರೂ ತಂದ್ರೆ ಸದ್ಯಕ್ಕೆ ಬಿಟ್ಬಿಡಿ, ಎರಡಕ್ಕೂ ಶ್ರುತಿ ಹೊಂದಿಸೋದು ಕಷ್ಟ, ಜೋರಲ್ಲಿ ಅವಳು ಮುಳುಗಿಹೋಗ್ತಾಳೆ. ಒಂದೇ ಒಂದು ಬ್ರಾಲ್ ಟ್ಯೂನ್ ಗಟ್ಟಿ ಮಾಡಿಕೊಳ್ಳಲಿ, ಎಂಟು ಜನರಿಗೆ ಮೊದಲೇ ಹೆಜ್ಜೆ ಹೇಳಿಕೊಟ್ಟಿರಿ. ಕುಣಿಯೋರಿಗೆ ಅವಳು ಬೇಕೇ ಬೇಕು, ನಿಲ್ಲಿಸಿದ್ರೆ ಅವರೇ "ಅಯ್ಯೋ ಇನ್ನೊಂದು ಸುತ್ತು" ಅಂತಾರೆ, ಸ್ವರ ತಪ್ಪಿದ್ದು ಯಾರ ಗಮನಕ್ಕೂ ಬರಲ್ಲ ಯಾಕಂದ್ರೆ ಎಲ್ಲ ತಮ್ಮ ಕಾಲು ನೋಡ್ಕೊಳ್ತಿರ್ತಾರೆ. ಬಾನೇರಿಂದ ಮುಳಶಿ ಏನ್ ದೂರ ಇಲ್ಲ, ಹೆಜ್ಜೆ ಹೇಳಿಕೊಡೋಕೆ ಬೇಕಿದ್ರೆ ನಾನೇ ಬರ್ತೀನಿ. ಆದ್ರೆ ಆ ಸ್ಪೀಕರ್ ಕಾರಲ್ಲೇ ಲಾಕ್ ಮಾಡಿ, ಬೀಗದ ಕೈ ಕೊತ್ರೂಡ್ ಅಕ್ಕನ ಕೈಲಿ ಕೊಡಿ.

ವಾಕಡ್ ಬಾಯ್

ಸರಿ ಸರಿ, ಸೋತೆ. ತಾಟು ಮುಚ್ಚಿಡೋ ಡ್ಯೂಟಿ ನಂಗೆ ಕೊಡಿ. ಮೆಣಸಿನಕಾಯಿ ಮಾತ್ರ ಹಾಕಲೇಬೇಕು.

ಗುಮ್ಮಟದೂರಾಂವ, ಚಿಂಚವಡ

ಬಾನೇರಿನವ್ರ, ಖಂಡಿತ ಬರ್ರಿ, ಹುಡುಗಿಗೆ ಈಗ ಮೆಸೇಜ್ ಹಾಕೀನಿ, "ಎಂಟು ಮಂದಿ ಸಿಗ್ತಾರಾ" ಅಂತ ಕೇಳ್ಯಾಳ, ನಾ ನನ್ನ ಹೆಸರು ಬರಸೀನಿ, ಕಾಲ ನೆಟ್ಟಗ ಬೀಳೂದು ದೇವರಿಗೆ ಬಿಟ್ಟಿದ್ದು. ಅಕ್ಕಲಕೋಟದ ಅಣ್ಣಾ, ಡಿಸೆಂಬರ್ ಮೊದಲ ವಾರ ಅಂತ ಮಾಡೀವಿ, ಕಾಕಾವ್ರು ಬರ್ತಾರಾ?

ಅಕ್ಕಲಕೋಟ ರೋಡ್

ಡಿಸೆಂಬರ್ ಮೊದಲ ವಾರ ಲಗ್ನದ ಸೀಜನ್ ರೀ, ಎರಡ ತಿಂಗಳ ಮೊದಲ ಸುಪಾರಿ ಆಗಿರ್ತದ. ಹತ್ತಿಪ್ಪತ್ತು ದಿನ ಮುಂದ ಹಾಕ್ರಿ, ಧನುರ್ಮಾಸ ಹಿಡದ ಮ್ಯಾಲ ಲಗ್ನ ಕಡಿಮಿ, ಆಗ ಯಾವ ಸನಾದಿಯವ್ರನ್ನ ಕರದ್ರೂ ಖಾಲಿ ಸಿಗ್ತಾರ, ದರದಾಗೂ ಸ್ವಲ್ಪ ಹಿಂದ ಮುಂದ ಆಗ್ತದ. ಕಾಕಾನ ಕೇಳಿ ಸಂಜಿಗೆ ಹೇಳ್ತೀನಿ. ರಾತ್ರಿ ಹತ್ತರ ಮ್ಯಾಲ ಬಯಲಾಗ ಊದ್ರಿ ಅನ್ನಬ್ಯಾಡ್ರಿ, ಪೊಲೀಸರು ಬಂದ್ರ ನೀವು ಸುಲ್ತಾನನ ವೇಷದಾಗ ಇರ್ತೀರಿ, ನಾವು ಸಿಗೇಬೀಳ್ತೀವಿ.